ಮುಸ್ಸಂಜೆಯಲ್ಲಿ ಕಯಾಕ್‌ನಿಂದ ತೆಗೆದ ಹಕ್ಕಿ ಚಿತ್ರ ಮಸುಕಾದರೆ: ದೋಷ ಹುಡುಕುವ ಕೈಪಿಡಿ

ದಡದ ಮೇಲೆ ನಿಂತಾಗ ಚೊಕ್ಕ ಚಿತ್ರ ಕೊಡುವ ಕ್ಯಾಮೆರಾ ಕಯಾಕ್ ಹತ್ತಿದ ಕೂಡಲೇ ಕೈಕೊಡುತ್ತದೆ, ಅದರಲ್ಲೂ ಸಂಜೆ ಐದೂವರೆ ದಾಟಿದ ಮೇಲೆ. ನೀರಹಕ್ಕಿಗಳ ಬೆನ್ನುಬಿದ್ದವರೆಲ್ಲರ ದೂರು ಇದು. ದೂರಿನ ಬೆನ್ನಿಗೇ ಯಾರಾದರೊಬ್ಬರು ಪರಿಹಾರವನ್ನೂ ಹೇಳಿಬಿಡುತ್ತಾರೆ: ‘ಎಫ್ 4 ಲೆನ್ಸ್ ತಗೊಳ್ಳಿ ಸಾರ್, ಸರಿಹೋಗುತ್ತೆ.’ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ಅಗಲ; ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ. ಎಫ್ 6.3ರಿಂದ ಎಫ್ 4ಕ್ಕೆ ಹೋದರೆ ಸಿಗುವುದು ಸುಮಾರು 1.3 ಸ್ಟಾಪ್ ಬೆಳಕು. ಸೂರ್ಯ ಮುಳುಗಿದ ಮೇಲೆ ಬೆಳಕು ಇಳಿಯುವ ವೇಗ ನೋಡಿದರೆ, ಅದು ಹೆಚ್ಚೆಂದರೆ ಐದಾರು ನಿಮಿಷದ ಲಾಭ. ಲಕ್ಷಗಟ್ಟಲೆ ಸುರಿದು ಐದಾರು ನಿಮಿಷ ಕೊಳ್ಳುವ ಮುಂಚೆ ಕೆಟ್ಟ ಚಿತ್ರಗಳನ್ನು ಅಳಿಸದೆ ಇಟ್ಟುಕೊಂಡು, ದೋಷ ಎಲ್ಲಿಂದ ಬಂತು ಅಂತ ನೋಡುವುದು ಮೇಲು. ನನ್ನ ಅನುಭವದಲ್ಲಿ ಮೊದಲ ಅನುಮಾನ ಹೋಗಬೇಕಾದ್ದು ದೋಣಿಯ ಮೇಲೆ. ಲೆನ್ಸಿನ ಸರದಿ ಎಲ್ಲಕ್ಕಿಂತ ಕೊನೆಯದು.

ಇಲ್ಲಿರುವ ಉದಾಹರಣೆಗಳೆಲ್ಲ ಕುಮಟಾ ಕಡೆಯ ಅಘನಾಶಿನಿ ಅಳಿವೆಯವು. ಮಿರ್ಜಾನದಿಂದ ತದಡಿಯವರೆಗೆ ಹರಡಿದ ಹಿನ್ನೀರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚು, ಇಳಿತದ ಹೊತ್ತಿಗೆ ತೆರೆದುಕೊಳ್ಳುವ ಕೆಸರು ಬಯಲು, ಅದರ ಮೇಲೆ ಬೆಳಚು (ಚಿಪ್ಪುಮೀನು) ಆರಿಸುವ ಹೆಂಗಸರು, ಅವರಿಂದ ತುಸು ದೂರದಲ್ಲಿ ಕೊಕ್ಕು ಚುಚ್ಚುತ್ತ ಓಡಾಡುವ ಗೊರವ ಹಕ್ಕಿಗಳು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಜಾಗ ಇದು. ಸೀತಾನದಿಯ ಹಿನ್ನೀರಾಗಲಿ, ಶರಾವತಿಯ ಅಳಿವೆಯಾಗಲಿ, ತೊಂದರೆಗಳು ಇವೇ. ರಂಗನತಿಟ್ಟಿನಲ್ಲಿ ಅರಣ್ಯ ಇಲಾಖೆಯ ದೋಣಿಯಲ್ಲಿ ಕೂತು ಹೋಗುವವರಿಗೂ ಕೆಳಗಿನದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಮೊದಲು ಚಿತ್ರವನ್ನೇ ವಿಚಾರಿಸಿ

ಕೆಟ್ಟ ಚಿತ್ರವನ್ನು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಗಾತ್ರಕ್ಕೆ ಹಿಗ್ಗಿಸಿ. ಹಕ್ಕಿಯ ಕಣ್ಣನ್ನು ಆಮೇಲೆ ನೋಡೋಣ. ಮೊದಲು ಅಲುಗಾಡದ, ಮಿನುಗುವ ಚುಕ್ಕಿಯೊಂದನ್ನು ಹುಡುಕಿ: ಕೆಸರಲ್ಲಿ ಅರ್ಧ ಹೂತ ಚಿಪ್ಪು, ಕಾಂಡ್ಲಾ ಬೇರಿನ ಒದ್ದೆ ತುದಿ, ಬಲೆ ಕಟ್ಟುವ ಗೂಟದ ಮೊಳೆ. ನೀರಿನ ಅಲೆಯ ಮೇಲಿನ ಹೊಳಪು ಸಾಕ್ಷಿಗೆ ಬಾರದು, ಅದು ತಾನೇ ಚಲಿಸುತ್ತಿರುತ್ತದೆ.

ಆ ಚುಕ್ಕಿ ಚುಕ್ಕಿಯಾಗಿಯೇ ಉಳಿದಿದ್ದು ಹಕ್ಕಿ ಮಾತ್ರ ಕಲಸಿಹೋಗಿದ್ದರೆ, ಚಲಿಸಿದ್ದು ಹಕ್ಕಿ. ಚುಕ್ಕಿ ಗೆರೆಯಾಗಿದ್ದರೆ ನೀವೋ ನಿಮ್ಮ ದೋಣಿಯೋ ಚಲಿಸಿದ್ದೀರಿ. ಗೆರೆಯ ದಿಕ್ಕು ಯಾರು ಎಂದೂ ಹೇಳುತ್ತದೆ. ಚುಕ್ಕಿ ಗೆರೆಯಾಗದೆ ಊದಿ ದುಂಡಗಿನ ಬೊಟ್ಟಾಗಿದ್ದರೆ ಅಲ್ಲಿ ಫೋಕಸ್ ಬಿದ್ದಿಲ್ಲ. ಆಗ ಹಕ್ಕಿಯ ಮುಂದೆ ಹಿಂದೆ ಹುಡುಕಿದರೆ ಚೂಪಾದ ಕೆಸರಿನ ಪಟ್ಟಿಯೊಂದು ಸಿಕ್ಕೇ ಸಿಗುತ್ತದೆ. ಎಲ್ಲೂ ಚೂಪಿಲ್ಲ, ಎಲ್ಲವೂ ಹಾಲು ಚೆಲ್ಲಿದ ಹಾಗೆ ಮಂಕು ಅಂತಾದರೆ ಲೆನ್ಸಿನ ಮುಂಗಾಜನ್ನೋ, ನಡುವಿನ ಗಾಳಿಯನ್ನೋ ಅನುಮಾನಿಸಿ.

ಜೊತೆಗೆ ಚಿತ್ರದೊಳಗೆ ಕ್ಯಾಮೆರಾ ಬರೆದಿಡುವ ಎಕ್ಸಿಫ್ ಮಾಹಿತಿ ತೆರೆದು ಶಟರ್ (ತೆರೆದಿದ್ದ ಹೊತ್ತು), ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ), ಅಪರ್ಚರ್ (ಎಫ್ ಸಂಖ್ಯೆ), ಸಮಯ ಈ ನಾಲ್ಕನ್ನು ಬರೆದುಕೊಳ್ಳಿ. ಸಮಯ ಯಾಕೆ ಅಂತೀರಾ? ಕರಾವಳಿಯಲ್ಲಿ ಸೂರ್ಯ ಮುಳುಗಿದ ಮೇಲೆ ಕೆಲಸಕ್ಕೆ ಬರುವ ಬೆಳಕು ಇರುವುದು 22–23 ನಿಮಿಷ ಮಾತ್ರ. ನವೆಂಬರ್ ಕೊನೆಯಲ್ಲಿ ಕುಮಟಾದಲ್ಲಿ 6 ಗಂಟೆಯ ಆಸುಪಾಸಿಗೆ ಸೂರ್ಯಾಸ್ತ, ಫೆಬ್ರವರಿ ಹೊತ್ತಿಗೆ 6.30 ದಾಟುತ್ತದೆ. 6.05ಕ್ಕೆ ಚೆನ್ನಾಗಿ ಬಂದ ಸೆಟ್ಟಿಂಗ್ 6.15ಕ್ಕೆ ಕೈಕೊಡುವುದು ದೋಷವಲ್ಲ, ಲೆಕ್ಕ.

ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದೆ

ಗೆಳೆಯರೊಬ್ಬರು ಕಳಿಸಿದ ಕೆಂಪುಗಾಲಿನ ಗೊರವದ ಚಿತ್ರ ಇದಕ್ಕೆ ಒಳ್ಳೆಯ ಮಾದರಿ. ಶಟರ್ 1/320, ಐಎಸ್‌ಒ 6400, ಎಫ್ 6.3. ಹಕ್ಕಿ ಸುಮ್ಮನೆ ನಿಂತಿದೆ. ಫೋಕಸ್ ಕೂಡ ಹಕ್ಕಿಯ ಮೇಲೇ ಇದೆ, ಎದೆಯ ಗರಿಗಳಲ್ಲಿ ಮೇಲೆ-ಕೆಳಗಿನ ಅಂಚುಗಳು ಗಟ್ಟಿಯಾಗಿ ಮೂಡಿವೆ. ಆದರೆ ಕೊಕ್ಕಿನ ತುದಿಯ ನೀರಹನಿ ಅಡ್ಡಡ್ಡ ಪುಟ್ಟ ಕಡ್ಡಿಯಾಗಿದೆ. ಕಾಲ ಬಳಿಯ ಚಿಪ್ಪಿನ ಹೊಳಪೂ ಅಷ್ಟೇ ಉದ್ದದ, ಅದೇ ದಿಕ್ಕಿನ ಕಡ್ಡಿ. ಅವರು ಕೈನಡುಕ ಅಂದರು. ಕೈ ನಡುಗಿದ್ದರೆ ಕಡ್ಡಿ ಡೊಂಕಾಗಿರುತ್ತಿತ್ತು, ಓರೆಯಾಗಿರುತ್ತಿತ್ತು, ಒಂದು ಚಿತ್ರದಿಂದ ಇನ್ನೊಂದಕ್ಕೆ ದಿಕ್ಕು ಬದಲಿಸುತ್ತಿತ್ತು. ಬರ್ಸ್ಟ್‌ನ (ಗುಂಡಿ ಒತ್ತಿಹಿಡಿದು ಸಾಲಾಗಿ ತೆಗೆದ) ಅಷ್ಟೂ ಚಿತ್ರಗಳಲ್ಲಿ ಒಂದೇ ಸಮನೆ ಅಡ್ಡ ಗೆರೆ ಬಂದಿದೆ ಅಂದರೆ ಕಯಾಕ್‌ನ ಮೂತಿ ತಿರುಗುತ್ತಿತ್ತು, ಇಲ್ಲವೇ ದೋಣಿ ಪಕ್ಕಕ್ಕೆ ತೇಲುತ್ತಿತ್ತು.

ಇದು ಎಷ್ಟು ದೊಡ್ಡ ಹೊಡೆತ ಎಂಬುದಕ್ಕೆ ಲೆಕ್ಕ ಹಾಕಿ ನೋಡಬಹುದು. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ತುಸು ಚಿಕ್ಕ ಸೆನ್ಸರಿನ) ಕ್ಯಾಮೆರಾ, 400 ಮಿಮೀ ಲೆನ್ಸ್ ಅಂದುಕೊಳ್ಳಿ. 20 ಮೀಟರ್ ದೂರದ ಹಕ್ಕಿಯ ಮೇಲೆ ಒಂದು ಪಿಕ್ಸೆಲ್ ಕಾಣುವುದು ಸುಮಾರು 0.2 ಮಿಮೀ. ಇಳಿತದ ಸೆಳೆತ ಸೆಕೆಂಡಿಗೆ ಅರ್ಧ ಮೀಟರ್ ಇದೆ, ಅಂದರೆ ನಿಧಾನ ನಡಿಗೆಗಿಂತಲೂ ಕಡಿಮೆ. 1/250 ಸೆಕೆಂಡ್ ಶಟರ್ ತೆರೆದಿರುವಷ್ಟರಲ್ಲಿ ದೋಣಿ 2 ಮಿಮೀ ಪಕ್ಕಕ್ಕೆ ಹೋಗಿರುತ್ತದೆ. ಅದು 10 ಪಿಕ್ಸೆಲ್ ಎಳೆತ. ಮೂತಿ ತಿರುಗುವುದಂತೂ ಇನ್ನೂ ಮೋಸದ್ದು: ಸೆಕೆಂಡಿಗೆ ಬರೀ 2 ಡಿಗ್ರಿ ತಿರುಗಿದರೂ, ಕೂತವರ ಗಮನಕ್ಕೇ ಬಾರದ ವೇಗ ಅದು, 1/500ರಲ್ಲೂ 7 ಪಿಕ್ಸೆಲ್ ಹೋಗುತ್ತದೆ.

‘ಸ್ಟೆಬಿಲೈಸರ್ ಇದೆಯಲ್ಲ’ ಅನ್ನಬೇಡಿ. ನಡುಕ ತಗ್ಗಿಸುವ ಆ ಸಾಧನಕ್ಕಾಗಿ ಲೆನ್ಸಿನೊಳಗಿನ ಗೈರೋ ಅಳೆಯುವುದು ತಿರುಗುವಿಕೆಯನ್ನು. ಇಡೀ ದೋಣಿ, ನೀವು, ಕ್ಯಾಮೆರಾ ಒಟ್ಟಿಗೇ ಪಕ್ಕಕ್ಕೆ ಸರಿದರೆ ಅದಕ್ಕೆ ಸುದ್ದಿಯೇ ಇರುವುದಿಲ್ಲ. ಆ ಸರಿತವನ್ನು ಸರಿದೂಗಿಸಬೇಕಾದವರು ನೀವೇ, ಹಕ್ಕಿಯನ್ನು ಫ್ರೇಮಿನಲ್ಲಿ ಒಂದೇ ಜಾಗಕ್ಕೆ ಹಿಡಿದಿಟ್ಟುಕೊಂಡು. ಹಾಗೆ ಲೆನ್ಸನ್ನು ತಿರುಗಿಸುವಾಗ ಮಾಮೂಲಿ ಮೋಡ್ 1 ನಿಮ್ಮ ವಿರುದ್ಧವೇ ಎಳೆಯುವುದುಂಟು: ನೀವು ಬೇಕೆಂದೇ ತಿರುಗಿಸಿದ್ದನ್ನು ಅದು ನಡುಕ ಅಂದುಕೊಳ್ಳುತ್ತದೆ. ಚಿತ್ರ ತೆಗೆಯುವ ಕ್ಷಣಕ್ಕೆ ಮಾತ್ರ ಕೆಲಸ ಮಾಡುವ ಮೋಡ್ 3 ಇದ್ದರೆ, ನಿಕಾನ್‌ನಲ್ಲಾದರೆ ಸ್ಪೋರ್ಟ್ ಮೋಡ್ ಇದ್ದರೆ, ಕಯಾಕ್‌ನಲ್ಲಿ ಅದನ್ನು ಹಾಕಿ. ಇಲ್ಲದಿದ್ದರೆ ಅದೇ ಹಕ್ಕಿಯ ಹತ್ತಿಪ್ಪತ್ತು ಚಿತ್ರ ಸ್ಟೆಬಿಲೈಸರ್ ಹಾಕಿ, ಅಷ್ಟೇ ಚಿತ್ರ ಅದನ್ನು ಆಫ್ ಮಾಡಿ ತೆಗೆದು, ಹೋಲಿಸಿ. ಯಾರದೋ ಮಾತಿಗಿಂತ ನಿಮ್ಮ ಲೆನ್ಸಿನ ಉತ್ತರ ದೊಡ್ಡದು.

ಆದರೆ ನಿಜವಾದ ರಿಪೇರಿ ಇರುವುದು ದೋಣಿಯಲ್ಲಿ. ಹುಟ್ಟು ಹಾಕುವುದನ್ನು ನಿಲ್ಲಿಸಿದ ತಕ್ಷಣ ಕ್ಯಾಮೆರಾ ಎತ್ತುವುದು ಬಹುಪಾಲು ಜನರ ಅಭ್ಯಾಸ. ಕೊನೆಯ ಹುಟ್ಟು ಯಾವ ಬದಿಗೆ ಬಿತ್ತೋ ಅದರ ವಿರುದ್ಧ ದಿಕ್ಕಿಗೆ ಮೂತಿ ಇನ್ನೂ ತಿರುಗುತ್ತಲೇ ಇರುತ್ತದೆ, ಅದರಲ್ಲೂ ಅಡಿಯಲ್ಲಿ ಸ್ಕೆಗ್ (ದೋಣಿಯನ್ನು ನೇರ ಹಿಡಿಯುವ ರೆಕ್ಕೆ) ಇಲ್ಲದ ಗಿಡ್ಡ ಪ್ಲಾಸ್ಟಿಕ್ ಕಯಾಕ್ ಆದರೆ. ಕೊನೆಯ ಹುಟ್ಟು ಬಿದ್ದ ಬದಿಯಲ್ಲೇ ಹುಟ್ಟಿನ ಎಲೆಯನ್ನು ನೀರಲ್ಲಿ ಸುಮ್ಮನೆ ನಿಲ್ಲಿಸಿ, ತಿರುಗುವುದು ನಿಂತಿತು ಅನ್ನಿಸಿದ ಮೇಲೆ ಹುಟ್ಟನ್ನು ತೊಡೆಯ ಮೇಲಿಟ್ಟು ಕ್ಯಾಮೆರಾ ಎತ್ತಿ. ಎದುರಿನ ಎರಡು ಗೂಟಗಳನ್ನು ಸಾಲು ಹಿಡಿದು ನೋಡಿದರೆ ದೋಣಿ ನಿಂತಿದೆಯೋ ಇಲ್ಲವೋ ಗೊತ್ತಾಗುತ್ತದೆ. ನೀರು ಏರುತ್ತಿರುವ ಹೊತ್ತಾದರೆ ಮೂತಿಯನ್ನು ಕೆಸರಿನ ಅಂಚಿಗೆ ಮೆಲ್ಲಗೆ ಊರಿಬಿಡಿ, ಅದಕ್ಕಿಂತ ಒಳ್ಳೆಯ ಟ್ರೈಪಾಡ್ ಇಲ್ಲ. ಇಳಿತದಲ್ಲಿ ಮಾತ್ರ ಹಾಗೆ ಮಾಡಬೇಡಿ. ಹತ್ತು ನಿಮಿಷದಲ್ಲಿ ನೀರು ಹಿಂದೆ ಸರಿದು ನೀವು ಕೆಸರಿನ ಮೇಲೆ ಕೂತಿರುತ್ತೀರಿ. ಇಳಿದು ತಳ್ಳೋಣ ಅಂದರೆ ಮೊಣಕಾಲುದ್ದ ಹೂಳು, ಅದರೊಳಗೆ ಅಂಗಾಲು ಸೀಳುವ ಚಿಪ್ಪು.

ಇಳಿತದಲ್ಲಿ ನಿಲ್ಲಬೇಕಾದರೆ ಬಿದಿರಿನ ಗಳವೊಂದನ್ನು ಕೆಸರಿಗೆ ಚುಚ್ಚಿ ಹಗ್ಗವನ್ನು ಕಯಾಕ್‌ನ ಹಿಂತುದಿಗೋ ಮೂತಿಗೋ ಕಟ್ಟಿ. ಪಕ್ಕಕ್ಕೆ ಕಟ್ಟಲೇಬೇಡಿ. ಸೆಳೆತ ಅಡ್ಡಲಾಗಿ ಬಡಿದರೆ ದೋಣಿ ವಾಲಿ ಮಗುಚುತ್ತದೆ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ.

ಎಳೆತ ಅಡ್ಡಕ್ಕಿರದೆ ಮೇಲೆ-ಕೆಳಗೆ ಇದ್ದರೆ ಯಂತ್ರದ ದೋಣಿಯೊಂದು ಹಾದುಹೋದ ಅಲೆ ಇರಬಹುದು. ತದಡಿ ಬಂದರಿನ ಕಡೆ ಸಂಜೆ ಹೊತ್ತು ಇದು ಮಾಮೂಲು. ಅದಕ್ಕೆ ಮದ್ದಿಲ್ಲ, ಅಲೆ ತಣಿಯುವವರೆಗೆ ಕಾಯಬೇಕು. ಅಲೆ ಇಲ್ಲದೆಯೂ ಹಾಗೇ ಬಂದರೆ ಶಟರ್ ಒತ್ತುವ ಬೆರಳನ್ನು ವಿಚಾರಿಸಿಕೊಳ್ಳಿ. ಬರ್ಸ್ಟ್‌ನ ಮೊದಲ ಚಿತ್ರಕ್ಕಿಂತ ಎರಡನೆಯದು, ಮೂರನೆಯದು ಚೂಪಾಗಿದ್ದರೆ ಅನುಮಾನವೇ ಬೇಡ, ಗುಂಡಿ ಒತ್ತುವ ರಭಸಕ್ಕೆ ಲೆನ್ಸ್ ಕುಣಿದಿದೆ.

ಕೆಸರು ಚೂಪು, ಹಕ್ಕಿ ಮಾತ್ರ ಕಲಸಿದೆ

ಇಲ್ಲಿ ದೋಣಿ ನಿರಪರಾಧಿ. ಗೊರವಗಳು ನಿಂತಲ್ಲಿ ನಿಲ್ಲುವ ಜಾತಿಯಲ್ಲ. ಮೈ ನಿಂತಂತೆ ಕಂಡರೂ ಕೊಕ್ಕು ಹೊಲಿಗೆ ಯಂತ್ರದ ಸೂಜಿಯ ಹಾಗೆ ಆಡುತ್ತಿರುತ್ತದೆ. 1/250ಕ್ಕೆ ಬೆನ್ನು ಚೂಪಾಗಿ ಬಂದು ತಲೆ ಮಾಯವಾಗುವುದು ಅದಕ್ಕೇ. ಮೇಯುವ ಗೊರವಕ್ಕೆ 1/800, ಹಾರುವ ಹಕ್ಕಿಗೆ 1/1600 ಬೇಕೇ ಬೇಕು. ಮುಸ್ಸಂಜೆಯಲ್ಲಿ ಅಷ್ಟನ್ನು ಎಲ್ಲಿಂದ ತರುವುದು?

ತರಲಾಗುವುದಿಲ್ಲ. ಎಫ್ 6.3, 1/500ಕ್ಕೆ, ತಿಳಿ ಆಕಾಶದಲ್ಲಿ ಸೂರ್ಯ ದಿಗಂತಕ್ಕಿಂತ ಒಂದು ಬೆರಳು ಮೇಲಿರುವಾಗ ಐಎಸ್‌ಒ 1000ದ ಆಸುಪಾಸು ಸಾಕಾಗುತ್ತದೆ. ಮುಳುಗಿ ಹತ್ತು ನಿಮಿಷಕ್ಕೆ 6400 ದಾಟುತ್ತದೆ. ಇಪ್ಪತ್ತು ನಿಮಿಷಕ್ಕೆ 25600 ಕೂಡ ಸಾಲದು. ಹಾಗಾಗಿ ಸೆಟ್ಟಿಂಗ್ ಜೊತೆ ಗುದ್ದಾಡುವ ಬದಲು ಹಕ್ಕಿಯನ್ನೇ ಬದಲಿಸುವುದು ಜಾಣತನ. ಸೂರ್ಯ ಇರುವಷ್ಟು ಹೊತ್ತು ಓಡಾಡುವ ಗೊರವ, ಮೆಟ್ಟುಗಾಲು ಹಕ್ಕಿ. ಮುಳುಗಿದ ಮೇಲೆ ನಿಂತು ಕಾಯುವವರು: ಬೂದು ಬಕ, ಕಾಂಡ್ಲಾ ಬೇರಿನ ಮೇಲೆ ಕುತ್ತಿಗೆ ಒಳಗೆಳೆದುಕೊಂಡು ಕೂತ ಕೊಳದ ಬಕ. ಬೂದು ಬಕ ನಿಮಿಷಗಟ್ಟಲೆ ಕದಲುವುದಿಲ್ಲ. ಕಯಾಕ್ ಕೆಸರಿಗೆ ಊರಿದ್ದರೆ 1/60ಕ್ಕೂ, ಇಪ್ಪತ್ತು ಚಿತ್ರದ ಬರ್ಸ್ಟ್‌ನಲ್ಲಿ ಎರಡೋ ಮೂರೋ ಚೂಪಾಗಿ ಬರುತ್ತವೆ. ಅದಾದ ಮೇಲೆ ರಾತ್ರಿ ಬಕಗಳು ‘ಕ್ವಾಕ್’ ಎನ್ನುತ್ತ ಹೊರಡುವ ಹೊತ್ತು. ಆಗ ಪಡುವಣದ ಆಕಾಶಕ್ಕೆ ಎದುರಾಗಿ ಬರೀ ಕಪ್ಪು ಆಕೃತಿ. ಕಪ್ಪು ಆಕೃತಿಗೆ ಆಕಾಶದ ಬೆಳಕನ್ನಷ್ಟೇ ಅಳೆದರೆ ಸಾಕಾದ್ದರಿಂದ ಕಳೆದುಕೊಂಡ ಶಟರ್ ವೇಗ ತಿರುಗಿ ಸಿಗುತ್ತದೆ.

ಗೊರವವೇ ಬೇಕು ಅನ್ನುವವರು ಅದರ ಲಯ ಗಮನಿಸಿ. ನಾಲ್ಕೈದು ಸಲ ಚುಚ್ಚಿದ ಮೇಲೆ ತಲೆ ಎತ್ತಿ ಅರೆಗಳಿಗೆ ನಿಲ್ಲುತ್ತದೆ. ಬೆರಳು ಒತ್ತಬೇಕಾದ್ದು ಅಲ್ಲಿ.

ಹಕ್ಕಿಯ ಹಿಂದಿನ ಕೆಸರು ಚೂಪಾಗಿದೆ

400 ಮಿಮೀ, ಎಫ್ 6.3, 20 ಮೀಟರ್ ದೂರಕ್ಕೆ ಚೂಪಾಗಿ ಕಾಣುವ ಆಳ ಒಟ್ಟು 60 ಸೆಂಟಿಮೀಟರ್ ಇದ್ದೀತು. ಹಕ್ಕಿಯ ಮುಂದೆ ಒಂದಡಿ, ಹಿಂದೆ ಒಂದಡಿ. ಈಗ ಮೇಲಿನ ತೇಲುವ ಲೆಕ್ಕ ನೆನಪಿಸಿಕೊಳ್ಳಿ. ಒಮ್ಮೆ ಹಿಡಿದಲ್ಲೇ ನಿಲ್ಲುವ ಸಿಂಗಲ್ ಫೋಕಸ್‌ನಲ್ಲಿ ಹಿಡಿದು, ಹಕ್ಕಿ ತಲೆ ಎತ್ತಲಿ ಅಂತ ಒಂದು ಸೆಕೆಂಡ್ ಕಾದರೆ ದೋಣಿ ಹಕ್ಕಿಯ ಕಡೆಗೆ ಅರ್ಧ ಮೀಟರ್ ಹೋಗಿರುತ್ತದೆ. ಫೋಕಸ್ ಹಿಡಿದಲ್ಲೇ ಇದೆ, ನೀವು ಅಲ್ಲಿಲ್ಲ. ಕಯಾಕ್‌ನಲ್ಲಿ ಕಲ್ಲಿನಂತೆ ಕೂತ ಹಕ್ಕಿಗೂ ಬಿಡದೆ ಹಿಂಬಾಲಿಸುವ ಕಂಟಿನ್ಯುವಸ್ ಫೋಕಸ್ಸೇ ಬೇಕು. ದಡದ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಹಾಗೆ ಮಾಡಿಯೂ ಫೋಕಸ್ ತಪ್ಪುತ್ತಿದ್ದರೆ, ತಪ್ಪು ಯಾವ ಕಡೆಗೆ ನೋಡಿ. ಪ್ರತಿ ಸಲ ಹಿಂದಕ್ಕೇ ಬಿದ್ದರೆ ಫೋಕಸ್ ಚೌಕಕ್ಕಿಂತ ಹಕ್ಕಿ ಚಿಕ್ಕದಿದೆ, ಹಿಂದಿನ ಬಿಳಿ ಚಿಪ್ಪಿನ ರಾಶಿ ಕ್ಯಾಮೆರಾಕ್ಕೆ ಹೆಚ್ಚು ಆಕರ್ಷಕವಾಗಿ ಕಂಡಿದೆ. ಮಂದ ಬೆಳಕಲ್ಲಿ ಕೆಸರುಬಣ್ಣದ ಗೊರವಕ್ಕೂ ಕೆಸರಿಗೂ ಅಂತರ ಅಷ್ಟಕ್ಕಷ್ಟೆ. ಹಕ್ಕಿಯ ಕಣ್ಣು ಹಿಡಿಯುವ ಹೊಸ ತಂತ್ರಗಳು ಕೂಡ ಒಂದು ಹಂತದ ನಂತರ ಬಿಟ್ಟುಕೊಡುತ್ತವೆ. ಆಗ ಮಧ್ಯದ ಒಂದೇ ಚಿಕ್ಕ ಚೌಕಕ್ಕೆ ಹೋಗಿ, ಕಣ್ಣನ್ನು ಬಿಟ್ಟು ಕೊಕ್ಕು ಮುಖಕ್ಕೆ ಸೇರುವ ಜಾಗ, ಇಲ್ಲವೇ ಕಾಲು ನೀರಿಗೆ ಮುಟ್ಟುವ ಗೆರೆ, ಹೀಗೆ ಎಲ್ಲಿ ಕಪ್ಪು-ಬಿಳುಪಿನ ಅಂತರ ಗಟ್ಟಿಯಿದೆಯೋ ಅಲ್ಲಿಡಿ. ಕಾಲು, ಕಣ್ಣು ಎರಡೂ ಆ ಎರಡಡಿಯೊಳಗೇ ಇರುತ್ತವೆ.

ಲೆನ್ಸ್ ಮುಂದಕ್ಕೂ ಹಿಂದಕ್ಕೂ ತಡಕಾಡುತ್ತ ನಿಲ್ಲದೇ ಇದ್ದರೆ ಎರಡು ಕೆಲಸ. ಫೋಕಸ್ ಹುಡುಕುವ ವ್ಯಾಪ್ತಿ ಕಿರಿದಾಗಿಸುವ ಲಿಮಿಟರ್ ಸ್ವಿಚ್ಚನ್ನು ದೂರದ ಕಡೆಗೆ ಹಾಕಿ. ಲೆನ್ಸಿನ ಹಿಂದೆ ಸೇರಿಸಿ ಚಿತ್ರ ಹಿಗ್ಗಿಸುವ ಟೆಲಿಕನ್ವರ್ಟರ್ ಇದ್ದರೆ ಕಳಚಿಡಿ. 1.4 ಪಟ್ಟಿನದು ಒಂದು ಸ್ಟಾಪ್ ತಿನ್ನುತ್ತದೆ, 2 ಪಟ್ಟಿನದು ಎರಡು. ಬೆಳಕು ಇಳಿಯುವ ಹೊತ್ತಿಗೆ ಅದು ಚೀಲದೊಳಗಿರುವುದೇ ಚೆಂದ. ಕಳಚುವುದನ್ನು ನೀರಿಗಿಳಿಯುವ ಮುಂಚೆಯೇ ಮಾಡಿ. ಉಪ್ಪುಗಾಳಿಯಲ್ಲಿ, ಆಡುವ ದೋಣಿಯಲ್ಲಿ ಲೆನ್ಸ್ ಬಿಚ್ಚುವವರನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ.

ದೋಣಿಯಲ್ಲಿ ಚೆನ್ನಾಗಿತ್ತು, ಮನೆಗೆ ಬಂದಾಗ ಕತ್ತಲು

ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಕ್ಯಾಮೆರಾ ಹಿಂದಿನ ಪರದೆ ದೀಪದಷ್ಟು ಬೆಳಗುತ್ತದೆ. ಎರಡು ಸ್ಟಾಪ್ ಕಡಿಮೆ ಇರುವ ಚಿತ್ರವೂ ಅಲ್ಲಿ ಸೊಗಸಾಗಿಯೇ ಕಾಣುತ್ತದೆ. ಪರದೆಯ ಬೆಳಕನ್ನು ಕನಿಷ್ಠಕ್ಕಿಳಿಸಿ, ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ಮಾತ್ರ ನಂಬಿ.

ಆದರೆ ಕ್ಯಾಮೆರಾ ತಾನಾಗಿ ಬೆಳಕು ಹೊಂದಿಸುವಂತೆ ಬಿಟ್ಟಿದ್ದರೂ ಕತ್ತಲು ಯಾಕೆ ಬಂತು? ಎಕ್ಸಿಫ್‌ನಲ್ಲಿ ಐಎಸ್‌ಒ ನೋಡಿ. ಸಾಲಾಗಿ ಎಲ್ಲ ಚಿತ್ರಗಳಲ್ಲೂ 3200 ಅಥವಾ 6400 ಅಂತ ಒಂದೇ ಸಂಖ್ಯೆ ಇದ್ದರೆ, ಎಂದೋ ನೀವೇ ಹಾಕಿಟ್ಟ ಆಟೋ ಐಎಸ್‌ಒ ಮಿತಿಗೆ ಅದು ತಲೆ ತಾಗಿಸಿಕೊಂಡು ನಿಂತಿದೆ. ಮ್ಯಾನುವಲ್ ಮೋಡ್‌ನಲ್ಲಿದ್ದರೆ ಅಲ್ಲಿಂದಾಚೆಗೆ ಚಿತ್ರ ಕಪ್ಪಾಗುತ್ತ ಹೋಗುತ್ತದೆ. ಶಟರ್ ವೇಗವನ್ನು ಕ್ಯಾಮೆರಾಕ್ಕೇ ಬಿಡುವ ಅಪರ್ಚರ್ ಪ್ರಯಾರಿಟಿಯಲ್ಲಿದ್ದರೆ ಸದ್ದಿಲ್ಲದೆ ಶಟರ್ ಇಳಿಯುತ್ತದೆ: 1/500, 1/200, 1/80. ಎರಡನೆಯದು ಹೆಚ್ಚು ಅಪಾಯ, ಚಿತ್ರ ಬೆಳ್ಳಗೇ ಇರುತ್ತದೆ, ಮಸುಕಿನ ದೂರು ಮಾತ್ರ ಲೆನ್ಸಿನ ತಲೆಗೆ ಬರುತ್ತದೆ. ಮಿತಿಯನ್ನು 12800ಕ್ಕೆ ಏರಿಸಿ.

ಬೆಳ್ಳಕ್ಕಿಯ ಕಥೆ ತಿರುವುಮುರುವು. ಹಿಂದೆ ಕಾಂಡ್ಲಾದ ಕಪ್ಪು ನೆರಳಿದ್ದಾಗ ಮೀಟರ್ ಆ ಕಪ್ಪನ್ನೇ ನೋಡಿ ಬೆಳಕು ಏರಿಸುತ್ತದೆ, ಹಕ್ಕಿ ಸುಣ್ಣ ಬಳಿದ ಹಾಗಾಗುತ್ತದೆ, ಒಂದೂ ಗರಿ ಉಳಿಯುವುದಿಲ್ಲ. ಒಂದು ಸ್ಟಾಪ್, ಕೆಲವೊಮ್ಮೆ ಒಂದೂವರೆ ಇಳಿಸಿ. ಅದೇ ಬೆಳ್ಳಕ್ಕಿ ಹತ್ತು ಹೆಜ್ಜೆ ನಡೆದು ಆಕಾಶದ ಬಣ್ಣ ಹೊಳೆಯುವ ನೀರಿಗೆ ಬಂದರೆ ಏರಿಸಬೇಕು. ಹೀಗೆ ಏರಿಳಿಸುವುದರಲ್ಲೇ ಸಂಜೆ ಮುಗಿಯುತ್ತದೆ ಅನ್ನಿಸಿದರೆ ಪೂರ್ತಿ ಮ್ಯಾನುವಲ್‌ಗೆ ಹೋಗಿ ಐದು ನಿಮಿಷಕ್ಕೊಮ್ಮೆ ಒಂದು ಸ್ಟಾಪ್ ಐಎಸ್‌ಒ ಏರಿಸುತ್ತ ಬನ್ನಿ. ನಾನು ಮಾಡುವುದು ಹಾಗೆ. ಸೆನ್ಸರಿನ ಪೂರ್ತಿ ಮಾಹಿತಿ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ. ವೈಟ್ ಬ್ಯಾಲೆನ್ಸ್ ಚಿಂತೆ ಮನೆಗೆ ಬಂದ ಮೇಲೆ.

ಮರಳು ಎರಚಿದಂತೆ ಕಾಳುಕಾಳು

ಐಎಸ್‌ಒ ಹೆಚ್ಚಾಯಿತು ಅಂತ 1600ಕ್ಕೆ ಇಳಿಸಿ, ಕತ್ತಲೆ ಚಿತ್ರವನ್ನು ಆಮೇಲೆ ಮೂರು ಸ್ಟಾಪ್ ಎತ್ತುವವರಿದ್ದಾರೆ. ಸೆನ್ಸರಿಗೆ ಬಿದ್ದ ಬೆಳಕು ಎರಡರಲ್ಲೂ ಅಷ್ಟೇ ತಾನೆ? ಲಾಭ ಶೂನ್ಯ. ಹಳೆಯ ಸೆನ್ಸರುಗಳಲ್ಲಿ ನೆರಳಿನ ಜಾಗದಲ್ಲಿ ಪಟ್ಟೆಗಳೂ ಏಳುತ್ತವೆ. ಕಾಳು ಎದ್ದು ಕಾಣುವುದಕ್ಕೆ ಹೆಚ್ಚಿನ ಸಲ ಕಾರಣ ಕ್ರಾಪ್. 6000 ಪಿಕ್ಸೆಲ್ ಅಗಲದ ಚಿತ್ರವನ್ನು 2000ಕ್ಕೆ ಇಳಿಸಿ ನೋಡಿ, ಒಂಬತ್ತು ಪಿಕ್ಸೆಲ್ ಸೇರಿ ಒಂದಾಗಿ ಕಾಳು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಅದೇ 2000 ಪಿಕ್ಸೆಲ್ಲನ್ನು ನಡುವಿನಿಂದ ಕತ್ತರಿಸಿಕೊಂಡರೆ ಅಷ್ಟೂ ಕಾಳು ಹಾಗೇ ಉಳಿಯುತ್ತದೆ. ಚಿಕ್ಕ ಹಕ್ಕಿ, ದೊಡ್ಡ ಹಿನ್ನೀರು, ಅದರ ಬಣ್ಣ ಅಂತ ಚೌಕಟ್ಟು ಹಾಕಿಕೊಂಡರೆ 12800 ಕೂಡ ತೊಂದರೆ ಕೊಡದು.

ಎಲ್ಲೆಲ್ಲೂ ಹಾಲು

ಕಾರಿನ ಎಸಿಯಿಂದ ಇಳಿದು ನೇರ ನೀರಿಗೆ ಹೋದಿರಾ? ತಣ್ಣಗಿನ ಗಾಜಿನ ಮೇಲೆ ಕರಾವಳಿಯ ಗಾಳಿ ಹನಿ ಕಟ್ಟುತ್ತದೆ. ಒರೆಸಿದರೆ ಮತ್ತೆ ಕಟ್ಟುತ್ತದೆ. ಚೀಲ ಮುಚ್ಚಿಟ್ಟು ಅರ್ಧ ಗಂಟೆ ಹೊರಗೆ ಬಿಡುವುದೇ ದಾರಿ, ಅಷ್ಟರಲ್ಲಿ ಕಯಾಕ್ ಇಳಿಸಿಕೊಳ್ಳಬಹುದು.

ಸೂರ್ಯನ ಕಡೆ ತಿರುಗಿದಾಗ ಮಾತ್ರ ಹಾಲು, ಬೆನ್ನು ಹಾಕಿದಾಗ ಸರಿ ಅಂತಾದರೆ ಹುಟ್ಟಿನಿಂದ ಸಿಡಿದ ಉಪ್ಪುನೀರು ಗಾಜಿನ ಮೇಲೆ ಒಣಗಿದೆ. ಒಣಬಟ್ಟೆಯಲ್ಲಿ ತಿಕ್ಕಬೇಡಿ, ಉಪ್ಪಿನ ಹರಳು ಗೀಚುತ್ತದೆ. ಸಿಹಿನೀರು ಅದ್ದಿದ ಬಟ್ಟೆಯಲ್ಲಿ ಒತ್ತಿ ಕರಗಿಸಿ, ಆಮೇಲೆ ಒರೆಸಿ. ಅಗ್ಗದ ಯುವಿ ಫಿಲ್ಟರ್ ಇದ್ದರೆ ಅದನ್ನು ತೆಗೆದು ಒಂದು ಚಿತ್ರ ತೆಗೆಯಿರಿ.

ಮೂರನೆಯದು ಬಿಸಿಗಾಳಿ. ಮಧ್ಯಾಹ್ನವಿಡೀ ಕಾದ ಕೆಸರು ಬಯಲಿನ ಮೇಲೆ, ಅದೂ ಕಯಾಕ್‌ನಷ್ಟು ತಗ್ಗಿನಿಂದ ನೋಡಿದಾಗ, ಗಾಳಿ ನಡುಗುತ್ತಿರುತ್ತದೆ. ಬರ್ಸ್ಟ್‌ನಲ್ಲಿ ಹಕ್ಕಿಯ ಕಾಲು ಒಂದು ಚಿತ್ರದಲ್ಲಿ ಸೊಟ್ಟ, ಇನ್ನೊಂದರಲ್ಲಿ ನೆಟ್ಟಗೆ ಬಂದಿದ್ದರೆ ಇದೇ. ಹತ್ತಿರ ಹೋಗುವುದು, ಇಲ್ಲವೇ ಬಿಸಿಲು ತಗ್ಗುವವರೆಗೆ ಕಾಯುವುದು, ಬೇರೆ ಉಪಾಯವಿಲ್ಲ. ಮುಸ್ಸಂಜೆ ದಯಪಾಲಿಸುವ ಒಂದೇ ಒಂದು ಅನುಕೂಲ ಇದು.

ಗೂಟಗಳು ವಾಲಿವೆ

ಹಿನ್ನೀರಿನ ಗೆರೆ ಓರೆಯಾಗಿದ್ದರೆ ನೀವು ಹೊರಳಿದಾಗ ದೋಣಿ ವಾಲಿದೆ ಅಷ್ಟೇ, ತಿರುಗಿಸಿಕೊಳ್ಳಲು ಸುತ್ತ ಜಾಗ ಬಿಟ್ಟು ತೆಗೆಯಿರಿ. ನೀರಿನ ಗೆರೆ ಸಮತಟ್ಟಾಗಿದ್ದು ಗೂಟಗಳು ಮಾತ್ರ ಒಂದೇ ಕಡೆಗೆ ಬಾಗಿದ್ದರೆ ಚಿತ್ರವನ್ನು ಸಾಲುಸಾಲಾಗಿ ಓದುವ ಎಲೆಕ್ಟ್ರಾನಿಕ್ ಶಟರ್ ಹಾಕಿದ್ದೀರಿ, ತೆಗೆಯುವಾಗ ಮೂತಿ ತಿರುಗುತ್ತಿತ್ತು. ಸದ್ದಿಗೆ ಹಕ್ಕಿ ಬೆದರುತ್ತದೆ ಎಂಬ ಭಯ ಬೇಡ, ಮೆಕಾನಿಕಲ್‌ಗೆ ಬದಲಿಸಿ.

ಹಕ್ಕಿಯ ಬೆನ್ನು, ಬಾಲ, ಖಾಲಿ ಕೆಸರು

ಕಾರ್ಡ್ ತುಂಬ ಹಾರಿಹೋಗುವ ಹಕ್ಕಿಗಳೇ ಇದ್ದರೆ ಅದೂ ದೋಷವೇ, ಮತ್ತು ಅದನ್ನು ಸೆಟ್ಟಿಂಗ್‌ನಲ್ಲಿ ಹುಡುಕಿ ಫಲವಿಲ್ಲ. ಎತ್ತಿದ ಹುಟ್ಟಿನ ಒದ್ದೆ ಎಲೆಗೆ ಇಳಿಬಿಸಿಲು ಬಡಿದರೆ ಕನ್ನಡಿಯಂತೆ ಫಳ್ಳೆನ್ನುತ್ತದೆ, ಅದು ದೂರದ ಹಕ್ಕಿಗೂ ಕಾಣುತ್ತದೆ. ಕೊನೆಯ ಐವತ್ತು ಮೀಟರ್ ಹುಟ್ಟನ್ನು ನೀರಿನಿಂದ ಮೇಲೆತ್ತದೆ, ಒಳಗೊಳಗೇ ಆಡಿಸುತ್ತ ಬನ್ನಿ. ನೇರ ಎದುರಿಗೆ ನುಗ್ಗಬೇಡಿ. ಬದಿಗೆ ಹಾದುಹೋಗುವವರಂತೆ ಓರೆಯಾಗಿ ಬಂದು, ಸೆಳೆತಕ್ಕೆ ದೋಣಿ ಬಿಟ್ಟುಕೊಡಿ. ಗೊರವ ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿ, ಮೈ ಮೇಲೆ-ಕೆಳಗೆ ಕುಲುಕತೊಡಗಿದರೆ ಅಲ್ಲೇ ನಿಲ್ಲಿ. ಅದು ಮತ್ತೆ ಕೊಕ್ಕು ಚುಚ್ಚಿದರೆ ಉಳಿಯುತ್ತದೆ. ಇಲ್ಲವಾದರೆ ಹಿಂದೆ ಸರಿಯಿರಿ.

ಉಬ್ಬರದ ಹೊತ್ತು ಕೆಸರೆಲ್ಲ ಮುಳುಗಿದಾಗ ಗೊರವಗಳು ಗಜನಿ ಗದ್ದೆಯ (ಅಳಿವೆಯ ಉಪ್ಪುನೀರು ನುಗ್ಗುವ ಗದ್ದೆ) ಬದುವಿನ ಮೇಲೋ ಗೂಟಗಳ ಮೇಲೋ ಒತ್ತೊತ್ತಾಗಿ ನಿಂತು ದಣಿವಾರಿಸಿಕೊಳ್ಳುತ್ತವೆ. ಫ್ರೇಮಿಗೆ ಆಸೆ ಹುಟ್ಟಿಸುವ ನೋಟ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಬಂದಿರುವ ಇವುಗಳಲ್ಲಿ ಹಲವು ಮಧ್ಯ ಏಷ್ಯಾದ ಕಡೆಯಿಂದ ಹಾರಿಬಂದವು, ತಿರುಗಿ ಹೋಗಲು ಕೊಬ್ಬು ಕೂಡಿಸಿಕೊಳ್ಳುತ್ತಿರುವವು. ಆ ಗುಂಪನ್ನು ಎಬ್ಬಿಸಿ ತೆಗೆದ ಚಿತ್ರ ನನಗೆ ಬೇಡ. ಹೋಗುವುದಾದರೆ ಇಳಿತದ ಎರಡನೇ ಅರ್ಧದಲ್ಲಿ, ಮೇಯುವ ಹೊತ್ತಿಗೆ. ಉಬ್ಬರ-ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ, ಸೂರ್ಯಾಸ್ತಕ್ಕೂ ತಗ್ಗು ನೀರಿಗೂ ಕೂಡಿಬರುವ ದಿನ ಹದಿನೈದು ದಿನದಲ್ಲಿ ಮೂರೋ ನಾಲ್ಕೋ ಮಾತ್ರ. ಟೈಡ್ ಟೇಬಲ್ ನೋಡಿ ರಜೆ ಹಾಕಿ, ರಜೆ ನೋಡಿ ಹೊರಟರೆ ಕೆಲಸ ಕೆಡುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ನೀರು ಹೆಚ್ಚು ಇಳಿಯುತ್ತದೆ, ಸೆಳೆತವೂ ಅಷ್ಟೇ ಜೋರು, ಅದೂ ಸಮುದ್ರದ ಬಾಯಿಯ ಕಡೆಗೆ. ಲೈಫ್ ಜಾಕೆಟ್, ಸೀಟಿ, ತಲೆಗೆ ಕಟ್ಟುವ ದೀಪ ಇಲ್ಲದೆ ಇಳಿಯಲೇಬೇಡಿ. ಕತ್ತಲಲ್ಲಿ ಬರುವ ಮೀನುಗಾರರ ದೋಣಿಗೆ ತಗ್ಗಿನ ಕಯಾಕ್ ಕಾಣುವುದೇ ಇಲ್ಲ.

ಎಲ್ಲ ಸರಿಯಿದ್ದೂ ಮಸುಕು

ಈಗ ಲೆನ್ಸಿನ ಸರದಿ. ಮನೆಯಲ್ಲಿ ಹಗಲು ಹೊತ್ತು, ದಿನಪತ್ರಿಕೆಯ ಹಾಳೆಯೊಂದನ್ನು ಗೋಡೆಗೆ ಅಂಟಿಸಿ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಸ್ಟೆಬಿಲೈಸರ್ ಆಫ್ ಮಾಡಿ, ಎರಡು ಸೆಕೆಂಡಿನ ಟೈಮರ್ ಹಾಕಿ. ಒಮ್ಮೆ ವ್ಯೂಫೈಂಡರಿನಿಂದ ಆಟೋಫೋಕಸ್ ಮಾಡಿ, ಇನ್ನೊಮ್ಮೆ ಲೈವ್ ವ್ಯೂನಲ್ಲಿ ಹಿಗ್ಗಿಸಿ ಕೈಯಾರೆ ಫೋಕಸ್ ಮಾಡಿ ತೆಗೆಯಿರಿ. ಎರಡರಲ್ಲೂ ಅಕ್ಷರ ಚೂಪಾಗಿದ್ದರೆ ಲೆನ್ಸಿನ ಮೇಲಿನ ಆರೋಪ ಬಿದ್ದುಹೋಯಿತು, ಮೇಲೆ ಹೇಳಿದ ದೋಣಿಯ ಭಾಗಕ್ಕೆ ಮರಳಿ. ಕೈಯಾರೆ ಮಾಡಿದ್ದು ಚೂಪು, ಆಟೋಫೋಕಸ್ ಮಾಡಿದ್ದು ಮಸುಕು ಅಂತಾದರೆ, ಡಿಎಸ್‌ಎಲ್‌ಆರ್ ಇರುವವರು ಮೆನುವಿನಲ್ಲಿ ಫೋಕಸ್ ಸೂಕ್ಷ್ಮ ಹೊಂದಾಣಿಕೆ ಇದೆಯೇ ಹುಡುಕಿ, ಒಂದೊಂದೇ ಹೆಜ್ಜೆ ಸರಿಸುತ್ತ ಅದೇ ಹಾಳೆಯನ್ನು ಮತ್ತೆ ತೆಗೆಯಿರಿ. ಕೈಯಾರೆ ಮಾಡಿದ್ದೂ ಮಸುಕಾಗಿ, ಹಾಳೆಯ ಒಂದು ಅಂಚು ಇನ್ನೊಂದಕ್ಕಿಂತ ಹೆಚ್ಚು ಕಲಸಿದ್ದರೆ ಒಳಗಿನ ಗಾಜು ಸ್ಥಾನ ತಪ್ಪಿದೆ. ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಆ ಎರಡು ಚಿತ್ರಗಳ ಸಮೇತ ಸರ್ವಿಸ್ ಸೆಂಟರಿಗೆ ಕೊಡಿ.